ಜೀವವನ್ನೆತ್ತುವ ಪ್ರಾರ್ಥನೆ: 25ನೆಯ ಕೀರ್ತನೆಯ ಒಂದು ನುಡಿಗಟ್ಟು

ಹೀಬ್ರೂ ಬೈಬಲಿನ 25ನೆಯ ಕೀರ್ತನೆಯು ತನ್ನ ‘ನೆಫೆಶ್’ ಅನ್ನು ದೇವರತ್ತ ಎತ್ತುತ್ತಿರುವ ಭಕ್ತನ ಮಾತಿನಿಂದ ಆರಂಭವಾಗುತ್ತದೆ. ಈ ಪದವನ್ನು ‘ಆತ್ಮ’ವೆಂದು ಅನುವಾದಿಸಿದೊಡನೆ ಕನ್ನಡ ಓದುಗನ ಮನಸ್ಸು ಸಹಜವಾಗಿಯೇ ವೇದಾಂತದತ್ತ, ದೇಹವನ್ನು ತೊರೆದು ಮೇಲೇರುವ ಅವಿನಾಶಿ ತತ್ತ್ವದತ್ತ ಹರಿಯುತ್ತದೆ. ಮೂಲದ ಆಶಯ ಅದಲ್ಲ. ನೆಫೆಶ್ ಎಂದರೆ ಗಂಟಲು, ಉಸಿರು, ಹಸಿವು, ಬಯಕೆ. ಒಟ್ಟಾರೆ, ಬದುಕಿರುವ ಮನುಷ್ಯ. ನಮ್ಮ ‘ಜೀವ’ ಎಂಬ ಮಾತು ಇದಕ್ಕೆ ಹೆಚ್ಚು ಸಮೀಪವೆಂದು ತೋರುತ್ತದೆ.

‘ನೆಫೆಶ್ ಎತ್ತುವುದು’ ಎಂಬ ನುಡಿಗಟ್ಟನ್ನು ಅರಿಯಲು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿರುವ ಒಂದು ಕಟ್ಟಳೆಯನ್ನು ಗಮನಿಸಬೇಕು. ದಿನಗೂಲಿಯವನಿಗೆ ಅಂದಿನ ಕೂಲಿಯನ್ನು ಅಂದೇ, ಹೊತ್ತು ಮುಳುಗುವ ಮುನ್ನವೇ ಕೊಡಬೇಕೆಂದು ಅದು ವಿಧಿಸುತ್ತದೆ. ಅಲ್ಲಿ ಹೇಳಿರುವ ಕಾರಣವಿದು: ಅವನು ಬಡವ, ತನ್ನ ನೆಫೆಶ್ ಅನ್ನು ಆ ಕೂಲಿಯತ್ತಲೇ ಎತ್ತಿರುತ್ತಾನೆ. ‘ಅದರ ಮೇಲೆಯೇ ಜೀವ ಇಟ್ಟುಕೊಂಡಿದ್ದಾನೆ’ ಎಂದು ನಮ್ಮಲ್ಲಿ ಹೇಳುವುದಿಲ್ಲವೆ, ಹೆಚ್ಚುಕಡಿಮೆ ಅದೇ ಮಾತು. ಅಲ್ಲಿ ಬಡವನಿಗೆ ಬಳಸಿದ ‘ಆನೀ’ ಎಂಬ ಪದವನ್ನೇ ಕೀರ್ತನಕಾರನು 16ನೆಯ ವಚನದಲ್ಲಿ ತನ್ನನ್ನು ಕುರಿತು ಬಳಸುತ್ತಾನೆ. ಹೀಗಾಗಿ ಇಲ್ಲಿಯ ಪ್ರಾರ್ಥನೆ ಭಾವೋನ್ಮಾದದ ಹಾರಾಟವಲ್ಲ. ಸಂಜೆಯ ಊಟಕ್ಕೆ ಬೇರೆ ದಾರಿಯಿಲ್ಲದವನು ಒಬ್ಬನ ಕೈಯನ್ನೇ ನೋಡುತ್ತ ನಿಂತಿರುವ ಸ್ಥಿತಿ. ಕಾಯುವುದೆಂಬ ಕ್ರಿಯಾಪದ 3, 5 ಮತ್ತು 21ನೆಯ ವಚನಗಳಲ್ಲಿ ಮರಳಿ ಮರಳಿ ಬರುವುದು ಆಕಸ್ಮಿಕವಿರಲಾರದು.

ಆದರೆ ಈ ಹೋಲಿಕೆಯನ್ನು ಕೊನೆಯವರೆಗೆ ಎಳೆಯುವಂತಿಲ್ಲ. ಕೂಲಿಯವನು ದುಡಿದಿದ್ದಾನೆ, ಅವನಿಗೆ ಹಕ್ಕಿದೆ. ಕೂಲಿ ತಪ್ಪಿದರೆ ದೇವರಿಗೆ ಮೊರೆಯಿಡಬಹುದೆಂದು ಕಟ್ಟಳೆಯೇ ಹೇಳುತ್ತದೆ. ಕೀರ್ತನಕಾರನ ಬಳಿ ಅಂಥ ಯಾವ ಲೆಕ್ಕವೂ ಇಲ್ಲ. ಯೌವನದ ಪಾಪಗಳನ್ನು ನೆನೆಯಬೇಡವೆಂದು ಬೇಡುವ ಅವನು, 11ನೆಯ ವಚನದಲ್ಲಿ ತನ್ನ ಅಪರಾಧ ದೊಡ್ಡದೆಂಬುದನ್ನೇ ಕ್ಷಮೆಗೆ ಕಾರಣವಾಗಿ ಮುಂದಿಡುತ್ತಾನೆ! ಯಾವ ನ್ಯಾಯಾಲಯವೂ ಒಪ್ಪದ ವಾದವಿದು. ಹಕ್ಕಿಲ್ಲದೆಯೂ ಜೀವವನ್ನೆತ್ತಿ ಹಿಡಿಯುವ ಈ ಧೈರ್ಯವನ್ನೇ ಕೀರ್ತನೆಯು ನಂಬಿಕೆಯೆಂದು ಕರೆಯುತ್ತಿದೆ.

ರಚನೆಯ ಬಗೆಗೆ ಒಂದು ಮಾತು. ವಚನಗಳ ಮೊದಲಕ್ಷರಗಳು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮವನ್ನು ಅನುಸರಿಸುತ್ತವೆ, ಆದರೆ ಪೂರ್ತಿಯಾಗಿ ಅಲ್ಲ: ‘ಕೋಫ್’ ಇಲ್ಲ, ‘ರೇಶ್’ ಎರಡು ಬಾರಿ ಬಂದಿದೆ. ವರ್ಣಮಾಲೆ ಮುಗಿದ ಮೇಲೂ ‘ಪೇ’ ಅಕ್ಷರದ ಒಂದು ವಚನ ಉಳಿಯುತ್ತದೆ. ಅದುವರೆಗೆ ತನ್ನ ಸಂಕಟವನ್ನೇ ತೋಡಿಕೊಂಡವನು ಅಲ್ಲಿ ತನಗಾಗಿ ಏನನ್ನೂ ಕೇಳದೆ, ಇಸ್ರಾಯೇಲಿನ ಬಿಡುಗಡೆಗಾಗಿ ಬೇಡುತ್ತಾನೆ.