ವಕೀಲರ ಕಚೇರಿಯ ತಂತ್ರಾಂಶ: ಯಾರಿಗೆ ಯಾವ ಖಾತೆ

ವಕೀಲರ ಕಚೇರಿಯ ಕಡತ, ವಾಯಿದೆ, ವಕಾಲತ್ತು, ಶುಲ್ಕದ ಲೆಕ್ಕ ಇವೆಲ್ಲವನ್ನೂ ಒಂದೆಡೆ ಇಡುವುದು ಪ್ರಕರಣ ನಿರ್ವಹಣೆಯ ತಂತ್ರಾಂಶ. ಅದನ್ನು ಬಳಸುವ ಪ್ರತಿಯೊಬ್ಬರಿಗೂ ಅವರವರ ಹೆಸರಿನಲ್ಲೇ ಖಾತೆ ಇರಬೇಕು. ಹಿರಿಯ ವಕೀಲರ ಒಂದೇ ಪಾಸ್‌ವರ್ಡನ್ನು ಇಡೀ ಕಚೇರಿ ಬಳಸುವುದು ಸುಲಭವೆನಿಸಿದರೂ, ಯಾವ ಕಡತವನ್ನು ಯಾರು ತೆರೆದರು, ದಿನಾಂಕವನ್ನು ಯಾರು ತಿದ್ದಿದರು ಎಂಬುದು ಆಗ ಎಂದಿಗೂ ತಿಳಿಯುವುದಿಲ್ಲ.

ಇದರ ಹಿಂದೆ ಕಾನೂನಿನ ಹೊಣೆಯೂ ಇದೆ. ಕಕ್ಷಿದಾರರು ನಂಬಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ವಕೀಲರು ಹೊರಗೆಡಹುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 126ನೇ ಕಲಂ ವಿಧಿಸಿತ್ತು. 127ನೇ ಕಲಂ ಅದನ್ನು ಗುಮಾಸ್ತರಿಗೂ ದುಭಾಷಿಗಳಿಗೂ ಅನ್ವಯಿಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂನಲ್ಲಿ ಇವೆರಡೂ ಸೇರಿವೆ. ಕಚೇರಿಯ ನೌಕರರ ಮೇಲೂ ಗೋಪ್ಯತೆಯ ಹೊಣೆ ಇರುವಾಗ, ಯಾರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟನ್ನೇ ಅವರಿಗೆ ತೋರಿಸುವುದು ನ್ಯಾಯ.

ಖಾತೆ ತೆರೆಯುವ ಮೊದಲು ಕಚೇರಿಯ ಕೆಲಸಗಳನ್ನು ಪಾತ್ರಗಳಾಗಿ ವಿಂಗಡಿಸಿಕೊಳ್ಳಬೇಕು. ಕಿರಿಯ ವಕೀಲರಿಗೆ ಅವರಿಗೆ ವಹಿಸಿದ ಕಡತಗಳು ಸಾಕು. ಲೆಕ್ಕ ಬರೆಯುವವರಿಗೆ ಶುಲ್ಕ ಮತ್ತು ಕಕ್ಷಿದಾರರು ಕೊಟ್ಟ ಹಣದ ವಿವರ ಬೇಕು, ವಾದದ ಟಿಪ್ಪಣಿ ಬೇಡ. ತರಬೇತಿಗೆ ಬರುವ ಕಾನೂನು ವಿದ್ಯಾರ್ಥಿಗಳಿಗೆ ಓದಲು ಮಾತ್ರ ಅವಕಾಶ ಕೊಟ್ಟು, ಖಾತೆ ಮುಗಿಯುವ ದಿನವನ್ನೂ ಮೊದಲೇ ನಮೂದಿಸಬಹುದು.

ಹೆಚ್ಚು ಯೋಚಿಸಬೇಕಾದದ್ದು ಗುಮಾಸ್ತರ ಖಾತೆಯ ಬಗ್ಗೆ. ಕೋರ್ಟ್ ಹಾಲ್‌ಗಳ ನಡುವೆ ಓಡಾಡಿ ಮುಂದಿನ ವಾಯಿದೆ ತಿಳಿದುಬರುವವರು, ದಾಖಲಾತಿ ವಿಭಾಗದ ಆಕ್ಷೇಪಣೆ ಸರಿಪಡಿಸುವವರು ಅವರೇ. ನಾಳೆಯ ಕಾಸ್‌ಲಿಸ್ಟ್, ಇ-ಕೋರ್ಟ್ಸ್ ವ್ಯವಸ್ಥೆ ಪ್ರತಿ ಪ್ರಕರಣಕ್ಕೂ ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ, ವಾಯಿದೆ ಬರೆಯುವ ಅಧಿಕಾರ ಇವು ಅವರ ಖಾತೆಯಲ್ಲಿ ಇರಲೇಬೇಕು. ಎಚ್ಚರಿಕೆಯ ಹೆಸರಿನಲ್ಲಿ ಇವನ್ನು ತಡೆದರೆ ಗುಮಾಸ್ತರು ಮತ್ತೆ ಕಾಗದದ ಡೈರಿಗೆ ಮರಳುತ್ತಾರೆ, ತಂತ್ರಾಂಶದಲ್ಲಿ ಹಳೆಯ ದಿನಾಂಕವೇ ಉಳಿಯುತ್ತದೆ. ಕಕ್ಷಿದಾರರೊಂದಿಗೆ ನಡೆದ ಸಮಾಲೋಚನೆಯ ಟಿಪ್ಪಣಿಯನ್ನು ಮಾತ್ರ ಅವರ ಖಾತೆಯಿಂದ ಹೊರಗಿಡಬಹುದು.

ಖಾತೆ ತೆರೆಯುವ, ಮುಚ್ಚುವ ಅಧಿಕಾರ ಇಬ್ಬರಲ್ಲಿರುವುದು ಒಳ್ಳೆಯದು. ಒಬ್ಬರು ಊರಲ್ಲಿಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಆದರೆ ಈ ಆಡಳಿತ ಖಾತೆಯನ್ನು ದಿನನಿತ್ಯದ ಕೆಲಸಕ್ಕೆ ಬಳಸಬಾರದು. ಹಿರಿಯ ವಕೀಲರೇ ಆಡಳಿತಗಾರರಾಗಿದ್ದರೂ ಕಡತ ಓದಲು ಅವರಿಗೆ ಬೇರೆ ಖಾತೆ ಇರಲಿ.

ಒಂದು ಬದಿಗೆ ಸಲಹೆ ಕೊಟ್ಟ ಅಥವಾ ವಕಾಲತ್ತು ವಹಿಸಿದ ವಕೀಲರು ಅದೇ ವಿಷಯದಲ್ಲಿ ಎದುರು ಬದಿಗೆ ಹಾಜರಾಗಬಾರದೆಂಬುದು ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮಗಳಲ್ಲಿ 33ನೆಯದು. ಎದುರು ಪಕ್ಷದ ವಕೀಲರ ಬಳಿ ಕೆಲಸ ಮಾಡಿದವರು ಕಚೇರಿಗೆ ಸೇರಿದರೆ, ಅಂಥ ಪ್ರಕರಣವನ್ನು ಅವರ ಖಾತೆಗೆ ಮೊದಲ ದಿನವೇ ಮುಚ್ಚಬೇಕು. ಪಾತ್ರ ಯಾವುದೇ ಇರಲಿ, ಹೀಗೆ ಒಬ್ಬರಿಗೆ ಒಂದು ಕಡತವನ್ನಷ್ಟೇ ತಡೆಯುವ ಸೌಲಭ್ಯ ಇದೆಯೇ ಎಂದು ತಂತ್ರಾಂಶ ಕೊಳ್ಳುವಾಗಲೇ ನೋಡಿಕೊಳ್ಳಬೇಕು.

ಪಾಸ್‌ವರ್ಡ್ ಉದ್ದವಾಗಿರಬೇಕು, ಬೇರೆಲ್ಲೂ ಬಳಸದಂಥದ್ದಾಗಿರಬೇಕು. ತಿಂಗಳಿಗೊಮ್ಮೆ ಬದಲಿಸಲು ಒತ್ತಾಯಿಸಿದರೆ ಜನ ಹಳೆಯದರ ಕೊನೆಗೆ ಒಂದು ಅಂಕಿ ಸೇರಿಸಿ ಸುಮ್ಮನಾಗುತ್ತಾರೆ. ಸೋರಿಕೆಯ ಸುಳಿವಿಲ್ಲದೆ ಇಂಥ ಒತ್ತಾಯ ಬೇಡವೆಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಸಲಹೆ ನೀಡಿತು. ಪಾಸ್‌ವರ್ಡ್ ಜೊತೆಗೆ ಕೇಳುವ ಒಟಿಪಿ ಖಾತೆದಾರರ ಸ್ವಂತ ಮೊಬೈಲ್‌ಗೇ ಬರಬೇಕು. ಕಚೇರಿಯ ಒಂದೇ ಫೋನಿಗೆ ಎಲ್ಲರ ಒಟಿಪಿ ಬಂದರೆ ಪ್ರತ್ಯೇಕ ಖಾತೆಗೆ ಅರ್ಥವೇ ಇಲ್ಲ.

ಯಾರಾದರೂ ಕಚೇರಿ ಬಿಟ್ಟಾಗ ಖಾತೆಯನ್ನು ಅಳಿಸದೆ, ಬಳಸಲಾಗದಂತೆ ನಿಲ್ಲಿಸಬೇಕು. ಅಳಿಸಿದರೆ ಅವರು ಮಾಡಿದ ಕೆಲಸದ ದಾಖಲೆಯಿಂದ ಹೆಸರು ಮಾಯವಾಗಬಹುದು. ನಿಲ್ಲಿಸುವ ಮುನ್ನ ಅವರ ಹೆಸರಿನ ವಾಯಿದೆ, ಗಡುವುಗಳನ್ನೆಲ್ಲ ಬೇರೊಬ್ಬರಿಗೆ ವರ್ಗಾಯಿಸಬೇಕು. ವಾಣಿಜ್ಯ ದಾವೆಯಲ್ಲಿ ಸಮನ್ಸ್ ಜಾರಿಯಾಗಿ 120 ದಿನ ಕಳೆದರೆ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ. ಅದರ ನೆನಪೋಲೆ ನಿಂತುಹೋದ ಖಾತೆಗೆ ಬಂದು ಬಿದ್ದರೆ ಯಾರೂ ನೋಡುವುದಿಲ್ಲ. ಅವರ ಮೊಬೈಲ್‌ನಲ್ಲಿ ತೆರೆದೇ ಇರುವ ಲಾಗಿನ್‌ಗಳನ್ನೂ ಅದೇ ದಿನ ಕೊನೆಗೊಳಿಸಬೇಕು.