ಪ್ರಬಂಧವನ್ನು ಓದುವವರಾರು?

ಪದವಿ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೊರಟ ವಿದ್ಯಾರ್ಥಿಗೆ ಎರಡು ದಾರಿಗಳುಂಟು: ಸಂಶೋಧನೆಗೆ ಹೆಸರಾದ ದೊಡ್ಡ ವಿಶ್ವವಿದ್ಯಾನಿಲಯ, ಇಲ್ಲವೆ ಪದವಿ ಬೋಧನೆಯನ್ನೇ ಮುಖ್ಯವಾಗಿ ನಂಬಿದ ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜು. ‘ಆರ್ಟ್ಸ್’ ಎಂದೊಡನೆ ಅಲ್ಲಿ ವಿಜ್ಞಾನವಿಲ್ಲವೆಂದು ನಮ್ಮವರು ಭಾವಿಸುವುದುಂಟು. ಗಣಿತ, ಭೌತಶಾಸ್ತ್ರಗಳೂ ಅಲ್ಲುಂಟು.

1793ರಲ್ಲಿ ಆರಂಭವಾದ ವಿಲಿಯಮ್ಸ್ ಕಾಲೇಜಿನ ಟ್ಯುಟೋರಿಯಲ್ ತರಗತಿಯಲ್ಲಿ ಅಧ್ಯಾಪಕರ ಎದುರು ಇಬ್ಬರೇ ವಿದ್ಯಾರ್ಥಿಗಳು. ಒಂದು ವಾರ ಒಬ್ಬರು ಪ್ರಬಂಧ ಮಂಡಿಸಿದರೆ ಇನ್ನೊಬ್ಬರು ಅದನ್ನು ವಿಮರ್ಶಿಸಬೇಕು, ಮರುವಾರ ಅದಲುಬದಲು. ಓದದೆ ಬಂದವರಿಗೆ ಅಲ್ಲಿ ಮರೆಯೆಂಬುದಿಲ್ಲ! ದೊಡ್ಡ ವಿಶ್ವವಿದ್ಯಾನಿಲಯದಲ್ಲಾದರೋ ಮೊದಲ ವರ್ಷ ನೂರಾರು ಮಂದಿಯ ನಡುವೆ ಉಪನ್ಯಾಸ. ಪ್ರಾಧ್ಯಾಪಕರ ಕೀರ್ತಿಗೆ ಮನಸೋತು ಹೋದವರ ಬರಹವನ್ನು ತಿದ್ದುವವರು ಅನೇಕ ವೇಳೆ ಸಂಶೋಧನ ವಿದ್ಯಾರ್ಥಿಗಳು.

ಆದರೆ ಒಂದೇ ಶಾಸ್ತ್ರದಲ್ಲಿ ಬಹುದೂರ ಸಾಗಬಯಸುವವರಿಗೆ ಚಿಕ್ಕ ಕಾಲೇಜಿನ ಪಾಠಗಳು ಬೇಗನೆ ಮುಗಿದುಹೋದಾವು. ಅಂಥವರಿಗೆ ವಿಶ್ವವಿದ್ಯಾನಿಲಯವೇ ಮೇಲು. ವಿಷಯವಿನ್ನೂ ನಿಶ್ಚಯವಾಗದವರಿಗೆ ಮಾತ್ರ ನಾನು ಕಾಲೇಜನ್ನೇ ಸೂಚಿಸುವೆನು.