ಮಾಟ, ಕರಣಿ ಮತ್ತು ಮರೆಯಾಗುವ ಕರ್ತೃ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಪರಿಸರದ ಕನ್ನಡದಲ್ಲಿ ಸಾವು ತರುವುದೆಂದು ನಂಬಲಾದ ಮಂತ್ರಪ್ರಯೋಗಕ್ಕೆ ‘ಮಾಟ’, ‘ಕರಣಿ’ ಎಂಬ ಹೆಸರುಗಳಿವೆ. ಎರಡೂ ಸಾವನ್ನು ಹೇಳುವುದಿಲ್ಲ. ‘ಆಡು–ಆಟ’, ‘ನೋಡು–ನೋಟ’ಗಳಂತೆ ‘ಮಾಡು’ ಧಾತುವಿನಿಂದ ‘ಮಾಟ’ ಸಿದ್ಧಿಸಿದೆ. ಮರಾಠಿಯಲ್ಲೂ ಇರುವ ‘ಕರಣಿ’ಗೆ ‘ಮಾಡುವಿಕೆ’ ಎಂಬುದೇ ಮೂಲಾರ್ಥ. ಸಂಸ್ಕೃತದ ‘ಕೃತ್ಯಾ’ ಕೂಡ ಇದೇ ದಾರಿಯದು. ತಾಂತ್ರಿಕ ಷಟ್ಕರ್ಮಗಳಲ್ಲಿನ ‘ಮಾರಣ’ವಾದರೋ ಕೊಲೆಯನ್ನು ನೇರವಾಗಿಯೇ ಹೆಸರಿಸುತ್ತದೆ. ‘ಮಾಟವಾದ ಮೈಕಟ್ಟು’ ಎನ್ನುವಾಗ ಅದೇ ‘ಮಾಟ’ ಚೆಲುವನ್ನು ಸೂಚಿಸುವುದರಿಂದ, ಕೇಡಿನ ಅರ್ಥವು ಧಾತುವಿನದಲ್ಲ, ಬಳಕೆಯದು.

ಇದಕ್ಕಿಂತ ಕುತೂಹಲಕರವಾದುದು ಕ್ರಿಯಾರೂಪ. ‘ಯಾರೋ ಮಾಡಿಸ್ಯಾರ’ ಎಂಬಲ್ಲಿ ಕರ್ಮಪದವೇ ಇಲ್ಲ. ಕೇಳುವವರಿಗೆ ಅದು ಬೇಕಾಗಿಯೂ ಇಲ್ಲ. ಪ್ರೇರಣಾರ್ಥಕ ‘-ಇಸು’ ಪ್ರತ್ಯಯವು ಮಾಡಿಸಿದ ಹಗೆಯನ್ನು ಕರ್ತೃಸ್ಥಾನದಲ್ಲಿರಿಸಿ, ಮಾಡಿದವರನ್ನು ವಾಕ್ಯದಿಂದಲೇ ಹೊರಗಿಡುತ್ತದೆ. ‘-ಗಾರ’, ‘-ಗಾತಿ’ ಸೇರಿದೊಡನೆ ಆ ಮರೆ ಸರಿಯುತ್ತದೆ. ‘ಬಳೆಗಾರ’ ವೃತ್ತಿನಾಮ, ರಚನೆಯಲ್ಲಿ ಅದನ್ನೇ ಹೋಲುವ ‘ಮಾಟಗಾರ’, ‘ಮಾಟಗಾತಿ’ಗಳು ಬಳಕೆಯಲ್ಲಿ ಬಹುಮಟ್ಟಿಗೆ ಅನ್ಯರು ಹೊರಿಸುವ ಆರೋಪಗಳು. ಆ ಆರೋಪದ ಬೆಲೆ ಸಣ್ಣದಲ್ಲ: ನೆರೆಯ ಮಹಾರಾಷ್ಟ್ರದ 2013ರ ಕಾಯಿದೆ ‘ಕರಣಿ’ಯ ಹೆಸರಿನಲ್ಲಿ ನಡೆಸುವ ಹಲ್ಲೆಯನ್ನೂ ಅಪರಾಧಗಳಲ್ಲಿ ಎಣಿಸಿದೆ. ಆದುದರಿಂದ ನಿಘಂಟಿನಲ್ಲಿ ‘ಮಾಟ ಮಾಡುವವಳು’ ಎಂದಷ್ಟೇ ಅರ್ಥ ಕೊಡುವುದು ಆರೋಪವನ್ನೇ ವಾಸ್ತವವೆಂದು ದಾಖಲಿಸಿದಂತೆ. ‘ಮಾಟ ಮಾಡುವಳೆಂದು ದೂಷಿಸಲ್ಪಟ್ಟವಳು’ ಎಂಬ ಅರ್ಥವೂ ಅಲ್ಲಿ ಬರಬೇಕು.